ತಾಯಿಯ ಮನೆಯುಡುಗೆ: ನಾವು ಮರೆತ ಒಂದು ಚರಿತ್ರೆ



ಅರಸರ ಪೋಷಾಕಿಗೆ ಚರಿತ್ರೆಯಿದೆ. ಮದುವಣಗಿತ್ತಿಯ ಸೀರೆಗೆ ಚರಿತ್ರೆಯಿದೆ. ಬಲಿಪೂಜೆಯಲ್ಲಿ ಗುರುಗಳು ಧರಿಸುವ ವಸ್ತ್ರಗಳ ಒಂದೊಂದು ಬಣ್ಣಕ್ಕೂ ಅರ್ಥವಿದೆ, ಆ ಅರ್ಥದ ಹಿಂದೆ ಶತಮಾನಗಳ ಪರಂಪರೆಯಿದೆ. ಆದರೆ ನಸುಕಿನಲ್ಲೆದ್ದು ನೀರು ತುಂಬಿಸಿ, ಒಲೆ ಹಚ್ಚಿ, ಮಕ್ಕಳ ಬುತ್ತಿ ಕಟ್ಟಿ, ಬಟ್ಟೆ ಒಗೆದು, ನಡುವೆ ಬಿಡುವು ಮಾಡಿಕೊಂಡು ನಾಲ್ಕು ಕಾಸು ಸಂಪಾದಿಸುವ ತಾಯಿಯ ಮೈಮೇಲಿನ ಉಡುಗೆಗೆ ಚರಿತ್ರೆಯುಂಟೇ? ಅದನ್ನು ಯಾವ ವಸ್ತುಸಂಗ್ರಹಾಲಯವೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವುದು ಅಪರೂಪ. ಹಳತಾದರೆ ಅದು ನೆಲ ಒರೆಸುವ ಬಟ್ಟೆಯಾಗುತ್ತದೆ. ಕುಟುಂಬದ ಭಾವಚಿತ್ರಗಳಲ್ಲಿಯೂ ಅದು ಕಾಣಿಸದು. ಏಕೆಂದರೆ ಚಿತ್ರ ತೆಗೆಯುವಾಗ ತಾಯಿ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬರುತ್ತಾಳೆ.

ಆದರೂ ಆ ಉಡುಗೆಗೆ ಚರಿತ್ರೆಯಿದೆ. ಅದು ಬರಿಯ ಬಟ್ಟೆಯ ಚರಿತ್ರೆಯಲ್ಲ. ಹೆಣ್ಣಿನ ಮೈಯ ಮೇಲೆ ಯಾರಿಗೆ ಅಧಿಕಾರ, ಆಕೆಯ ದುಡಿಮೆಗೆ ಏನು ಬೆಲೆ ಎಂಬ ಪ್ರಶ್ನೆಗಳು ಅದರೊಡನೆ ಹೆಣೆದುಕೊಂಡಿವೆ. ಈ ಚರಿತ್ರೆಯ ಕೆಲವು ಪುಟಗಳನ್ನು ನಿಮ್ಮೊಡನೆ ಸೇರಿ ತಿರುವಿ ನೋಡುವುದು ಈ ಲೇಖನದ ಉದ್ದೇಶ.

ದುಡಿಮೆಗೆ ಒಗ್ಗಿದ ಉಡುಗೆ

ದುಡಿಯುವ ಹೆಣ್ಣುಮಕ್ಕಳು ತಮಗೆ ಅನುಕೂಲವಾದ ಉಡುಗೆಯನ್ನು ತಾವೇ ಕಂಡುಕೊಂಡವರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಚ್ಚೆ ಹಾಕಿ ಸೀರೆ ಉಡುವ ಹಿರಿಯರನ್ನು ನೀವು ಕಂಡಿರಬಹುದು. ನೆರಿಗೆಯನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ತೆಗೆದು ಸೊಂಟಕ್ಕೆ ಸಿಕ್ಕಿಸಿದರೆ ಬಾಗಿ ಕಳೆ ಕೀಳಬಹುದು, ಕೆಸರಿಗಿಳಿದು ನಾಟಿ ಮಾಡಬಹುದು, ಹೊರೆ ಹೊತ್ತು ಬಿರುಸಾಗಿ ನಡೆಯಬಹುದು. ಕೊಡಗಿನ ಸ್ತ್ರೀಯರು ನೆರಿಗೆಯನ್ನು ಬೆನ್ನಿನ ಕಡೆಗೆ ಇರಿಸಿಕೊಂಡರು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ಇವೆರಡೂ ಹಬ್ಬಕ್ಕೂ ಸಲ್ಲುವಂಥವು, ಹೊಲಕ್ಕೂ ಸಲ್ಲುವಂಥವು.

ಸೆರಗೊಂದನ್ನೇ ತೆಗೆದುಕೊಳ್ಳಿ. ಬಿಸಿ ಪಾತ್ರೆ ಇಳಿಸುವ ಹಿಡಿಬಟ್ಟೆ ಅದೇ, ಮಗುವಿನ ಮುಖ ಒರೆಸುವ ಕರವಸ್ತ್ರವೂ ಅದೇ. ಬಿಸಿಲಿಗೆ ತಲೆಯ ಮೇಲಿನ ನೆರಳು, ಚಿಲ್ಲರೆ ಕಾಸು ಗಂಟು ಹಾಕಿಡುವ ಚೀಲ, ದುಃಖ ಬಂದಾಗ ಕಣ್ಣೊರೆಸಿಕೊಳ್ಳುವ ಆಸರೆ. ಇಷ್ಟೆಲ್ಲ ಉಪಯೋಗವಿದ್ದ ಸೆರಗೇ ಒಲೆಯ ಮುಂದೆ ಬಾಗಿದಾಗ ಅಪಾಯವೂ ಆಗುತ್ತಿತ್ತು. ಆ ಮಾತಿಗೆ ಮುಂದೆ ಬರೋಣ.

ಕರಾವಳಿಯಲ್ಲಿ ಬೇರೊಂದು ಬಗೆಯ ಬೆರಕೆ ನಡೆಯಿತು. ಪೋರ್ಚುಗೀಸರ ಕಾಲದ ಗೋವೆಯಲ್ಲಿ ಕ್ರೈಸ್ತ ಸ್ತ್ರೀಯರು ‘ಪಾನೊ ಬಾಜು’ ಎಂಬ ಉಡುಪನ್ನು ತೊಡುತ್ತಿದ್ದರು. ಸೊಂಟಕ್ಕೆ ಸುತ್ತುವ ವಸ್ತ್ರ ಪಾನೊ, ಮೇಲೆ ಧರಿಸುವ ಸಡಿಲವಾದ ಅಂಗಿ ಬಾಜು. ಬಾಜು ಎಂಬ ಶಬ್ದ ಮಲಯ ಭಾಷೆಯದು. ಕಡಲದಾರಿಯಲ್ಲಿ ಮೆಣಸು, ಲವಂಗಗಳು ಸಾಗಿದಂತೆಯೇ ಅಂಗಿಯ ಹೆಸರೂ ಸಾಗಿ ಬಂದಿತು. ‘ನಮ್ಮ ಸಂಪ್ರದಾಯದ ಉಡುಗೆ’ ಎಂದು ನಾವು ಕರೆಯುವುದರಲ್ಲಿ ಎಷ್ಟೋ ದೂರದ ನಾಡುಗಳ ನೂಲು ಸೇರಿದೆ ಎಂಬುದನ್ನು ಇದು ನೆನಪಿಸುತ್ತದೆ.

ಒಂದು ರವಿಕೆಗಾಗಿ ನಡೆದ ಹೋರಾಟ

ಇಂದು ರವಿಕೆಯಿಲ್ಲದ ಸೀರೆಯನ್ನು ನಾವು ಊಹಿಸಲಾರೆವು. ಆದರೆ ಹೆಣ್ಣು ಮೇಲುವಸ್ತ್ರ ತೊಡುವುದೇ ಅಪರಾಧವಾಗಿದ್ದ ಕಾಲವೊಂದಿತ್ತು. ಹತ್ತೊಂಬತ್ತನೆಯ ಶತಮಾನದ ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಮತ್ತಿತರ ಸಮುದಾಯಗಳ ಸ್ತ್ರೀಯರು ಮೇಲ್ಜಾತಿಯವರೆದುರು ಎದೆ ಮುಚ್ಚಿಕೊಳ್ಳಬಾರದೆಂಬ ಕಟ್ಟಳೆಯಿತ್ತು. ಲಂಡನ್ ಮಿಷನ್ನಿನವರ ಸೇವೆಯಿಂದ ಆ ಸಮುದಾಯದ ಅನೇಕರು ಕ್ರೈಸ್ತರಾದಾಗ, ನಾಗರಕೋಯಿಲಿನಲ್ಲಿದ್ದ ಮಿಷನರಿಗಳ ಪತ್ನಿಯರು ಆ ಹೆಣ್ಣುಮಕ್ಕಳಿಗೆ ಸಡಿಲವಾದ ಕುಪ್ಪಾಯವನ್ನು ಹೊಲಿಯಲು ಕಲಿಸಿದರು. ಅಂದಿನ ಬ್ರಿಟಿಷ್ ರೆಸಿಡೆಂಟ್ ಕರ್ನಲ್ ಮನ್ರೋ ಇದಕ್ಕೆ ಅನುಮತಿಯನ್ನೂ ಕೊಟ್ಟಿದ್ದನು.

ಆದರೆ ಕಾಗದದ ಮೇಲಿನ ಅನುಮತಿ ಬೀದಿಯಲ್ಲಿ ರಕ್ಷಣೆಯಾಗಲಿಲ್ಲ. ಸಂತೆಗೆ ಹೋದ ಹೆಣ್ಣುಮಕ್ಕಳ ಬಟ್ಟೆಯನ್ನು ಹರಿದೆಸೆದರು. ಚರ್ಚುಗಳಿಗೂ ಶಾಲೆಗಳಿಗೂ ಬೆಂಕಿಯಿಟ್ಟರು. 1829ರಲ್ಲಿ ಸಂಸ್ಥಾನ ಹೊರಡಿಸಿದ ಆಜ್ಞೆ ಕ್ರೈಸ್ತ ಸ್ತ್ರೀಯರಿಗೆ ಕುಪ್ಪಾಯವನ್ನು ಮಾತ್ರ ಒಪ್ಪಿತು, ಹೆಗಲ ಮೇಲೆ ಹೊದೆಯುವ ಮೇಲುವಸ್ತ್ರವನ್ನು ನಿಷೇಧಿಸಿತು. 1858-59ರಲ್ಲಿ ಗಲಭೆಗಳು ಮತ್ತೆ ಭುಗಿಲೆದ್ದವು. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ನನ ಒತ್ತಾಯದ ಮೇಲೆ 1859ರ ಜುಲೈ 26ರಂದು ಮಹಾರಾಜರು ಹೊಸ ಆಜ್ಞೆ ಹೊರಡಿಸಿ ನಾಡಾರ್ ಸ್ತ್ರೀಯರೆಲ್ಲರಿಗೂ ಎದೆ ಮುಚ್ಚಿಕೊಳ್ಳುವ ಹಕ್ಕನ್ನಿತ್ತರು. ಆಗಲೂ ‘ಮೇಲ್ಜಾತಿಯ ಸ್ತ್ರೀಯರಂತೆ ಉಡಬಾರದು’ ಎಂಬ ಷರತ್ತು ಉಳಿದೇ ಇತ್ತು.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಅಂದು ಮೈ ಮುಚ್ಚಿಕೊಂಡದ್ದು ಉದ್ಧಟತನವೆನಿಸಿತು. ಇಂದು ಮೈ ಕಾಣುವುದು ಉದ್ಧಟತನವೆನಿಸುತ್ತದೆ. ಮರ್ಯಾದೆಯ ಅಳತೆಗೋಲು ಕಾಲದಿಂದ ಕಾಲಕ್ಕೆ ಬದಲಾಗಿದೆ. ಬದಲಾಗದೆ ಉಳಿದಿರುವುದು ಒಂದೇ: ಆ ಅಳತೆಗೋಲನ್ನು ಹಿಡಿದ ಕೈ ಬಹುತೇಕ ಹೆಣ್ಣಿನದಾಗಿರಲಿಲ್ಲ.

ಆ ಕೈಯನ್ನು ತನ್ನದಾಗಿಸಿಕೊಂಡ ಒಬ್ಬಾಕೆಯನ್ನು ಇಲ್ಲಿ ನೆನೆಯಬೇಕು. ಆಕೆ ಬಂಗಾಳದ ಜ್ಞಾನದಾನಂದಿನಿ ದೇವಿ. ಪತಿ ಸತ್ಯೇಂದ್ರನಾಥ ಠಾಕೂರರು ಐ.ಸಿ.ಎಸ್. ಸೇರಿದ ಮೊದಲ ಭಾರತೀಯರು, ಕವಿ ರವೀಂದ್ರನಾಥರ ಅಣ್ಣ. ಅಂದಿನ ಬಂಗಾಳದ ಗೃಹಿಣಿಯರು ರವಿಕೆ, ಲಂಗಗಳಿಲ್ಲದೆ ಒಂದೇ ಸೀರೆಯನ್ನು ಸುತ್ತಿಕೊಂಡು ಅಂತಃಪುರದಲ್ಲೇ ಇರುತ್ತಿದ್ದರು. ಹೊರಗೆ ಹೊರಡಲು ಅವರಿಗೆ ತಕ್ಕ ಉಡುಗೆಯೇ ಇರಲಿಲ್ಲ. 1864ರಲ್ಲಿ ಪತಿಯೊಡನೆ ಮುಂಬಯಿಗೆ ಬಂದ ಈ ತರುಣಿ ಪಾರ್ಸಿ ಸ್ತ್ರೀಯರ ಉಡುವ ಕ್ರಮವನ್ನು ನೋಡಿ ಕಲಿತು, ಅದನ್ನು ತಿದ್ದಿಕೊಂಡರು. ಲಂಗ, ರವಿಕೆ ಧರಿಸಿ ಸೆರಗನ್ನು ಎಡ ಹೆಗಲ ಮೇಲೆ ಹಾಕಿಕೊಂಡರು. ಹಾಗೆ ಮಾಡಿದರೆ ಬಲಗೈ ಕೆಲಸಕ್ಕೆ ಬಿಡುವಾಗುತ್ತದೆ. ಊರಿಗೆ ಮರಳಿದ ಮೇಲೆ ಬಯಸಿ ಬಂದ ಇತರ ಸ್ತ್ರೀಯರಿಗೂ ಅದನ್ನು ಕಲಿಸಿದರು. ಮುಂದೆ ಸತ್ಯೇಂದ್ರನಾಥರು ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರರು ಅಲ್ಲಿಗೆ ಬಂದು ತಂಗಿದ್ದುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಕಡಲತೀರಕ್ಕೂ ಕವಿಯ ಹೆಸರಿಟ್ಟಿದ್ದೇವೆ. ಇಂದು ಕೋಟ್ಯಂತರ ಸ್ತ್ರೀಯರು ಉಡುವ ರೀತಿಗೆ ರೂಪ ಕೊಟ್ಟವರಲ್ಲಿ ಒಬ್ಬರಾದ ಅತ್ತಿಗೆಯ ಹೆಸರು ಮಾತ್ರ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಕಡಲಾಚೆಯ ಸಡಿಲ ಅಂಗಿ

ಈಗ ದೂರದ ಹವಾಯಿ ದ್ವೀಪಗಳಿಗೆ ಹೋಗೋಣ. ಅಮೆರಿಕದ ಬೋಸ್ಟನ್ನಿನಿಂದ ಹೊರಟ ‘ಥ್ಯಾಡಿಯಸ್’ ಎಂಬ ಹಡಗು 1820ರಲ್ಲಿ ಮಿಷನರಿ ಕುಟುಂಬಗಳನ್ನು ಅಲ್ಲಿಗೆ ತಂದಿತು. ದಿವಂಗತ ಅರಸನ ರಾಣಿಯರಲ್ಲೊಬ್ಬಳಾದ ಕಲಾಕುವಾ ಹಡಗನ್ನೇರಿ ಬಂದು, ಮಿಷನರಿ ಸ್ತ್ರೀಯರ ಉಡುಪಿನಂಥದೇ ತನಗೂ ಬೇಕೆಂದಳು. ಆದರೆ ಆ ಕಾಲದ ಬಿಗಿಯಾದ ನಿಲುವಂಗಿ ರಾಣಿಯ ತುಂಬು ಮೈಗೂ ಅಲ್ಲಿನ ಸೆಕೆಗೂ ಒಗ್ಗುವಂತಿರಲಿಲ್ಲ. ಹೆಗಲ ಬಳಿ ಒಂದು ಪಟ್ಟಿ, ಅಲ್ಲಿಂದ ಕಾಲಿನವರೆಗೆ ಸಡಿಲವಾಗಿ ಇಳಿಬಿದ್ದ ಬಟ್ಟೆ: ಹೀಗೆ ‘ಹೊಲೊಕೂ’ ಹುಟ್ಟಿತು. ಅದರೊಳಗೆ ಧರಿಸುವ ಇನ್ನೂ ಸರಳವಾದ ಒಳಅಂಗಿಗೆ ‘ಮೂಮೂ’ ಎಂದು ಹೆಸರು. ಹೊರಗಿನದು ಮರ್ಯಾದೆಗೆ, ಒಳಗಿನದು ಹಾಯಾಗಿರಲು. ಕಾಲಕ್ರಮದಲ್ಲಿ ಒಳಗಿನ ಮೂಮೂವೇ ಹೊರಗೆ ಬಂದು ಎಲ್ಲರ ನಿತ್ಯದ ಉಡುಗೆಯಾಯಿತು.

ಅಮೆರಿಕದ ಅಡುಗೆಮನೆಯಲ್ಲಿಯೂ ಇಂಥದೇ ಬದಲಾವಣೆ ನಡೆಯಿತು. ಕ್ಯಾನ್ಸಾಸ್ ಸಿಟಿಯ ನೆಲ್ ಡೊನೆಲ್ಲಿ ಎಂಬ ಗೃಹಿಣಿಗೆ ಮನೆಗೆಲಸದ ಉಡುಪೆಂದರೆ ಮೂಟೆಯಂತಿರಬೇಕೇಕೆ ಎಂಬ ಪ್ರಶ್ನೆಯಿತ್ತು. 1916ರಲ್ಲಿ ಆಕೆ ಚೆಂದವಾಗಿಯೂ ಗಟ್ಟಿಯಾಗಿಯೂ ಇರುವ ಮನೆಯುಡುಗೆಗಳನ್ನು ಹೊಲಿದು ಅಂಗಡಿಗೆ ಕೊಟ್ಟಳು. ಸಾಮಾನ್ಯ ಮನೆಯುಡುಗೆ 69 ಸೆಂಟಿಗೆ ಸಿಗುತ್ತಿದ್ದಾಗ ಇದರ ಬೆಲೆ ಒಂದು ಡಾಲರ್. ಆದರೂ ಹದಿನೆಂಟು ಡಜನ್ ಉಡುಪುಗಳು ಒಡನೆಯೇ ಮಾರಾಟವಾದವು. ಎರಡನೆಯ ಮಹಾಯುದ್ಧದ ಹೊತ್ತಿಗೆ ಮನೆಗೆಲಸದವರು ಕಾರ್ಖಾನೆಗಳಿಗೆ ಹೋದುದರಿಂದ ಅನುಕೂಲಸ್ಥ ಮನೆಯ ತಾಯಂದಿರೂ ತಾವೇ ಪಾತ್ರೆ ತೊಳೆಯಬೇಕಾಯಿತು. ಆಗ, 1942ರಲ್ಲಿ, ವಿನ್ಯಾಸಗಾರ್ತಿ ಕ್ಲೇರ್ ಮೆಕಾರ್ಡೆಲ್ ‘ಪಾಪೋವರ್’ ಎಂಬ ಉಡುಪನ್ನು ರೂಪಿಸಿದಳು. ಮುಂದಿನಿಂದ ಸುತ್ತಿ ಕಟ್ಟಿಕೊಳ್ಳುವ ಹತ್ತಿಯ ಉಡುಪು, ದೊಡ್ಡದೊಂದು ಜೇಬು, ಜೊತೆಗೆ ಬಿಸಿ ಪಾತ್ರೆ ಹಿಡಿಯಲು ಒಂದು ಕೈಚೀಲ. ನಮ್ಮ ಸೆರಗು ಸಾವಿರ ವರ್ಷಗಳಿಂದ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಜೇಬು ಮತ್ತು ಕೈಚೀಲ ವಹಿಸಿಕೊಂಡವು. ಉಡುಪನ್ನು ರೂಪಿಸುವವರು ದುಡಿಮೆಯನ್ನು ಬಲ್ಲವರಾದಾಗ ಮಾತ್ರ ಅದರಲ್ಲಿ ಜೇಬಿರುತ್ತದೆ.

ನೈಟಿ ಹಗಲಿಗೆ ಬಂದ ಬಗೆ

ಇಷ್ಟು ದೂರ ಸುತ್ತಿ ಬಂದದ್ದು ನಮ್ಮ ಮನೆಬಾಗಿಲಿಗೆ ತಲುಪುವುದಕ್ಕಾಗಿ. ಆಂಗ್ಲರ ಮಲಗುವ ಅಂಗಿ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ದಕ್ಷಿಣ ಭಾರತದ ಮನೆಮನೆಗಳಲ್ಲಿ ಹಗಲಿನ ಉಡುಗೆಯಾಯಿತು. ಕೆಲವರು ನೈಟಿ ಎಂದರು, ಕೆಲವರು ಮ್ಯಾಕ್ಸಿ ಎಂದರು. ಹೆಗಲ ಪಟ್ಟಿ, ಅಲ್ಲಿಂದ ಸಡಿಲವಾಗಿ ಇಳಿಬಿದ್ದ ಹತ್ತಿಯ ಬಟ್ಟೆ. ಹವಾಯಿಯ ರಾಣಿಗೆ ಹೊಲಿದ ಅಂಗಿಯ ತಂಗಿಯೇ ಇದು. ರಾತ್ರಿಯ ಉಡುಪು ಹಗಲಿಗೆ ಬಂದದ್ದೂ ಮೂಮೂವಿನ ಕಥೆಯೇ.

ಅದು ಏಕೆ ಗೆದ್ದಿತು? ಕಾರಣಗಳು ಸರಳ. ಐದೂವರೆ ಮೀಟರ್ ಸೀರೆ ಉಟ್ಟು ನೆರಿಗೆ ಹಿಡಿಯಲು ಬೇಕಾದ ಹೊತ್ತು ಬೆಳಗಿನ ತಾಯಿಗಿಲ್ಲ. ನೈಟಿ ಅಗ್ಗ, ಒಗೆಯಲು, ಒಣಗಿಸಲು ಸುಲಭ, ಇಸ್ತ್ರಿ ಬೇಡ. ಬಸುರಿಯ ಮೈಗೂ ಬಾಣಂತಿಯ ಮೈಗೂ ಒಂದೇ ಅಳತೆ ಸಾಕು. ಮುಂದುಗಡೆ ಗುಂಡಿಯೋ ಜಿಪ್ಪೋ ಇದ್ದರೆ ಮಗುವಿಗೆ ಹಾಲೂಡಿಸುವುದೂ ಸಲೀಸು. ಸೆಕೆಗಾಲದಲ್ಲಿ ಗಾಳಿಯಾಡುತ್ತದೆ. ಯಾರಾದರೂ ಬಾಗಿಲು ತಟ್ಟಿದರೆ ಹೆಗಲಿಗೊಂದು ಟವೆಲೋ ವೇಲೋ ಹಾಕಿಕೊಂಡರಾಯಿತು. ನಮ್ಮ ತಾಯಂದಿರು ಪರದೇಶದ ಉಡುಪಿಗೆ ಸೆರಗನ್ನು ಹೀಗೆ ಮರಳಿ ಜೋಡಿಸಿದರು.

ಆದರೆ ರವಿಕೆಯ ಹಾಗೆ ನೈಟಿಯೂ ವಿಚಾರಣೆಗೆ ಗುರಿಯಾಯಿತು. 2014ರಲ್ಲಿ ನವಿ ಮುಂಬಯಿಯ ಗೋಠಿವಲಿ ಗ್ರಾಮದಲ್ಲಿ ಮಹಿಳೆಯರ ಸಂಘವೇ ಹಗಲು ಹೊತ್ತಿನಲ್ಲಿ ನೈಟಿ ಧರಿಸಿ ಹೊರಬಂದವರಿಗೆ 500 ರೂಪಾಯಿ ದಂಡವೆಂದು ಸಾರಿತು. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿ ಗ್ರಾಮದ ಹಿರಿಯರು ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ನೈಟಿ ಕೂಡದೆಂದರು. ಮೀರಿದವರಿಗೆ 2,000 ರೂಪಾಯಿ ದಂಡ, ಸುಳಿವು ಕೊಟ್ಟವರಿಗೆ 1,000 ರೂಪಾಯಿ ಬಹುಮಾನ. ಸಭ್ಯತೆಯ ಬಗ್ಗೆ ಊರಿಗೆ ಕಾಳಜಿಯಿರುವುದು ತಪ್ಪಲ್ಲ. ದೇವಾಲಯಕ್ಕೆ, ಮದುವೆಮನೆಗೆ, ಕಚೇರಿಗೆ ಒಂದೊಂದಕ್ಕೂ ತಕ್ಕ ಉಡುಗೆಯಿದೆ ಎಂಬುದನ್ನು ನಮ್ಮ ತಾಯಂದಿರು ಯಾರಿಂದಲೂ ಕಲಿಯಬೇಕಾಗಿಲ್ಲ. ಆದರೆ ನಲ್ಲಿಯಿಂದ ನೀರು ತರಲು ಹೊರಬಂದ ಹೆಂಗಸಿಗೆ ದಂಡ ವಿಧಿಸುವ ಊರು, ಲುಂಗಿಯನ್ನು ಮೊಣಕಾಲಿನ ಮೇಲಕ್ಕೆತ್ತಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತ ಗಂಡಸಿಗೆ ಏನು ಹೇಳುತ್ತದೆ?

ಮೈ ತೆತ್ತ ಬೆಲೆ

ಹಾಯಾದ ಉಡುಗೆಯೆಂದರೆ ಸೋಮಾರಿತನವೆಂದು ಎಣಿಸುವವರು ವೈದ್ಯರ ಮಾತನ್ನೂ ಕೇಳಬೇಕು. ಸೊಂಟಕ್ಕೆ ದಿನವೂ ಬಿಗಿದು ಕಟ್ಟುವ ಬಟ್ಟೆ ಅದೇ ಜಾಗದ ಚರ್ಮವನ್ನು ವರ್ಷಗಟ್ಟಲೆ ಉಜ್ಜುತ್ತಿದ್ದರೆ ಅಲ್ಲಿ ಕಪ್ಪು ಕಲೆ, ತುರಿಕೆ, ಹುಣ್ಣು ಉಂಟಾಗಬಹುದು. ಅಪರೂಪಕ್ಕೆ ಅದು ಕ್ಯಾನ್ಸರಿಗೂ ತಿರುಗಬಹುದು. ಮುಂಬಯಿಯ ಡಾ. ಖಾನೋಲ್ಕರ್ ಮತ್ತು ಡಾ. ಸೂರ್ಯಾಬಾಯಿ 1945ರಲ್ಲಿಯೇ ಪಂಚೆಯ ಬಿಗಿತದಿಂದ ಬರುವ ಇಂಥ ಕ್ಯಾನ್ಸರನ್ನು ವಿವರಿಸಿದ್ದರು. 2024ರಲ್ಲಿ ಲಂಗದ ಲಾಡಿಯ ಒತ್ತಡದಿಂದ ಹೀಗಾದ ಇಬ್ಬರು ಹಿರಿಯ ಮಹಿಳೆಯರ ಪ್ರಕರಣಗಳನ್ನು ಭಾರತೀಯ ವೈದ್ಯರು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಹೆದರಬೇಕಾಗಿಲ್ಲ; ಇದು ಬಲು ವಿರಳ. ಆದರೆ ಲಾಡಿಯನ್ನು ಸಡಿಲವಾಗಿ ಕಟ್ಟುವುದು, ತೆಳು ದಾರದ ಬದಲು ಅಗಲವಾದ ಪಟ್ಟಿ ಬಳಸುವುದು, ಕಟ್ಟುವ ಜಾಗವನ್ನು ಆಗಾಗ ಮೇಲೆ ಕೆಳಗೆ ಬದಲಿಸುವುದು, ಮಾಯದ ಹುಣ್ಣನ್ನು ವೈದ್ಯರಿಗೆ ತೋರಿಸುವುದು, ಇಷ್ಟನ್ನು ನಿಮ್ಮ ಮನೆಯ ಅಜ್ಜಿಗೂ ಅಮ್ಮನಿಗೂ ಹೇಳಿ. ಸಂಕೋಚದಿಂದ ಅವರು ತಾವಾಗಿ ಹೇಳಿಕೊಳ್ಳಲಾರರು.

ಇನ್ನು ಬೆಂಕಿಯ ಮಾತು. ಒಗೆಯಲು ಸುಲಭವೆಂದು ಬಂದ ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಹತ್ತಿಯ ಬಟ್ಟೆಯೂ ಹೊತ್ತಿಕೊಳ್ಳುತ್ತದೆ, ಆದರೆ ಹಾಗೆ ಕರಗಿ ಅಂಟುವುದಿಲ್ಲ. ಅಡುಗೆಮನೆಯಲ್ಲಿ ಸೆರಗನ್ನಾಗಲಿ ವೇಲನ್ನಾಗಲಿ ಬಿಗಿಯಾಗಿ ಸಿಕ್ಕಿಸಿ, ಜೋಲುವ ತೋಳುಗಳನ್ನು ಮಡಚಿ, ಹತ್ತಿಯ ಉಡುಪನ್ನು ತೊಡುವುದು ಫ್ಯಾಷನ್ನಿನ ವಿಷಯವಲ್ಲ, ಪ್ರಾಣದ ವಿಷಯ.

ಲೆಕ್ಕಕ್ಕೆ ಸಿಗದ ದುಡಿಮೆ

ನೈಟಿಯನ್ನು ನಿಷೇಧಿಸಿದ ತೋಕಲಪಲ್ಲಿ ಅಂದು ಇದ್ದ ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿಯೇ ನರಸಾಪುರವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಅಲ್ಲಿನ ಹೆಣ್ಣುಮಕ್ಕಳಿಗೆ ಲೇಸು ಹೆಣೆಯುವುದನ್ನು ಕಲಿಸಿದರು. ಕ್ರಮೇಣ ಅದು ಹೊರದೇಶಗಳಿಗೆ ಮಾರಾಟವಾಗುವ ದೊಡ್ಡ ಉದ್ಯಮವಾಯಿತು. ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ ಅಲ್ಲಿಗೆ ಬಂದು ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಅವರು ಕಂಡದ್ದು ಏನೆಂದರೆ, ಆ ಸ್ತ್ರೀಯರು ಮನೆಗೆಲಸವನ್ನೆಲ್ಲ ಮಾಡಿ, ಅದರ ಮೇಲೆ ದಿನಕ್ಕೆ ಆರರಿಂದ ಎಂಟು ತಾಸು ಲೇಸು ಹೆಣೆಯುತ್ತಿದ್ದರು. ಆದರೂ ಅವರನ್ನು ಯಾರೂ ಕಾರ್ಮಿಕರೆಂದು ಕರೆಯಲಿಲ್ಲ. ‘ಮನೆಯಲ್ಲಿ ಕುಳಿತವರು, ಬಿಡುವಿನಲ್ಲಿ ಹೆಣೆಯುತ್ತಾರೆ’ ಎಂಬ ನೆಪದಲ್ಲಿ ಕೂಲಿ ಅತ್ಯಲ್ಪವಾಗಿಯೇ ಉಳಿಯಿತು.

ನಮ್ಮ ದಕ್ಷಿಣ ಕನ್ನಡದಲ್ಲಿ ಈ ಚಿತ್ರ ಹೊಸದಲ್ಲ. ತೊಡೆಯ ಮೇಲೆ ಮೊರವಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ ಬೀಡಿ ಕಟ್ಟಿದ ತಾಯಂದಿರು ಎಷ್ಟು ಮಕ್ಕಳನ್ನು ಓದಿಸಿಲ್ಲ! ಎಷ್ಟು ಹೆಣ್ಣುಮಕ್ಕಳು ತಮ್ಮ ಮದುವೆಯ ಖರ್ಚನ್ನು ತಾವೇ ಕಟ್ಟಿಡಲಿಲ್ಲ! ಆ ಮೊರದ ಮೇಲಿನಿಂದ ಏಳುವ ಧೂಳು ಅವರ ಉಡುಪಿಗೂ ಉಸಿರಿಗೂ ಅಂಟಿಕೊಂಡಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಪರಿಗಣಿಸಿದ್ದು ದೊಡ್ಡ ಹೆಜ್ಜೆ. 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಯಲ್ಲಿ ದುಡಿಯುವವರ ಹಕ್ಕುಗಳಿಗಾಗಿ ಒಂದು ಒಡಂಬಡಿಕೆಯನ್ನೇ ಅಂಗೀಕರಿಸಿತು.

ಕೂಲಿಯಿಲ್ಲದ ಕೆಲಸದ ಲೆಕ್ಕವೂ ಈಗ ಸಿಕ್ಕಿದೆ. ಭಾರತ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ ಪುರುಷರು ವ್ಯಯಿಸಿದ್ದು 97 ನಿಮಿಷ. ಸ್ತ್ರೀಯರದು ಸುಮಾರು ಐದು ತಾಸು. ಮಕ್ಕಳ, ವೃದ್ಧರ ಆರೈಕೆ ಇದರ ಹೊರಗೆ. ಮರುವರ್ಷವೇ ಕೋವಿಡ್ ಬಂದು ಕಚೇರಿ, ಶಾಲೆ, ಆಸ್ಪತ್ರೆ ಮೂರೂ ಮನೆಯೊಳಗೆ ನುಗ್ಗಿದವು. ಕಂಪ್ಯೂಟರಿನ ಮುಂದೆ ಸಭೆಗೆ ಕೂತ ಎಷ್ಟೋ ತಾಯಂದಿರು ನೈಟಿಯ ಮೇಲೊಂದು ಅಚ್ಚುಕಟ್ಟಾದ ಮೇಲಂಗಿ ತೊಟ್ಟರು. ಮೇಲೆ ಕಚೇರಿ, ಕೆಳಗೆ ಅಡುಗೆಮನೆ. ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬಳೇ ಮಾಡುತ್ತಿದ್ದಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಾವೇನು ಮಾಡಬಹುದು?

ಈ ಚರಿತ್ರೆಯಿಂದ ನಮ್ಮ ಕುಟುಂಬಗಳು ಕಲಿಯಬೇಕಾದ ಪಾಠಗಳು ಎರಡು. ಮೊದಲನೆಯದು, ತಾಯಿಯ ಉಡುಗೆಯನ್ನು ತೀರ್ಪು ಮಾಡುವ ಮೊದಲು ಆಕೆಯ ದಿನವನ್ನು ನೋಡಬೇಕು. ರವಿಕೆಯನ್ನು ನಿಷೇಧಿಸಿದವರೂ ನೈಟಿಗೆ ದಂಡ ಹಾಕಿದವರೂ ಬಟ್ಟೆಯನ್ನು ನೋಡಿದರೇ ಹೊರತು ಅದನ್ನು ತೊಟ್ಟ ಕೈಗಳಲ್ಲಿನ ಬೊಕ್ಕೆಗಳನ್ನು ನೋಡಲಿಲ್ಲ. ಎರಡನೆಯದು, ಹಾಯಾದ ಉಡುಗೆ ಸಿಕ್ಕ ಮಾತ್ರಕ್ಕೆ ಹೊರೆ ಇಳಿಯುವುದಿಲ್ಲ. ಸಡಿಲವಾದ ಅಂಗಿ ದುಡಿಮೆಯನ್ನು ಸಹ್ಯವಾಗಿಸಬಲ್ಲುದು, ಹಂಚಿಕೊಳ್ಳಲಾರದು. ಹಂಚಿಕೊಳ್ಳಬೇಕಾದವರು ನಾವು.

ಯೊಪ್ಪದಲ್ಲಿ ವಿಧವೆಯರಿಗಾಗಿ ಅಂಗಿಗಳನ್ನು ಹೊಲಿಯುತ್ತಿದ್ದ ತಬಿಥಾಳನ್ನು ಪ್ರೇಷಿತರ ಕಾರ್ಯಕಲಾಪಗಳ ಪುಸ್ತಕದಲ್ಲಿ ನೀವು ಓದಿದ್ದೀರಿ. ಆಕೆ ತೀರಿಹೋದಾಗ ಆ ಬಡ ಸ್ತ್ರೀಯರು ಪೇತ್ರನಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ನಿತ್ಯದ ಉಡುಪುಗಳನ್ನು. ಒಬ್ಬ ಹೆಣ್ಣುಮಗಳ ಪ್ರೀತಿಗೆ ಅವೇ ಸಾಕ್ಷಿಯಾದವು. ನಮ್ಮ ಮನೆಯ ಹಗ್ಗದ ಮೇಲೆ ಒಣಗುತ್ತಿರುವ ಬಣ್ಣಗೆಟ್ಟ ನೈಟಿಯೂ ಅಂಥದೇ ಒಂದು ಸಾಕ್ಷಿ.

ಆದುದರಿಂದ ಮುಂದಿನ ಹಬ್ಬಕ್ಕೆ ಅಮ್ಮನಿಗೆ ರೇಷ್ಮೆ ಸೀರೆ ತರುವಾಗ, ಜೊತೆಗೆ ಒಳ್ಳೆಯ ಹತ್ತಿಯ ಎರಡು ಮನೆಯುಡುಗೆಗಳನ್ನೂ ತನ್ನಿ. ಅವುಗಳಿಗೆ ಜೇಬಿರುವಂತೆ ನೋಡಿಕೊಳ್ಳಿ. ರೇಷ್ಮೆ ವರ್ಷಕ್ಕೆ ನಾಲ್ಕು ದಿನದ ಮಾತು, ಇವು ಮಿಕ್ಕ ದಿನಗಳೆಲ್ಲದರ ಮಾತು. ಹಾಗೆಯೇ ಆ ದಿನಗಳ 299 ನಿಮಿಷಗಳಲ್ಲಿ ನೂರನ್ನಾದರೂ ಮನೆಯ ಉಳಿದವರು ಕೈಗೆತ್ತಿಕೊಳ್ಳಲಿ. ಅದಕ್ಕಿಂತ ಹಾಯಾದ ಉಡುಗೆಯನ್ನು ಯಾವ ದರ್ಜಿಯೂ ಹೊಲಿಯಲಾರನು.